ಶುಗರ್ 8.4 ಅಂತ ಬಂತು, ಮನೆಗೆಲ್ಲ ಒಂದೇ ಅಡುಗೆ, ಎಲ್ಲಿಂದ ಶುರು ಮಾಡ್ಲಿ?

ಹೊಲಿಗೆಮನೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ ಆದ್ರೆ ಬರೀತಿರೋದು ಇದೇ ಮೊದಲ ಸಲ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನಂಗೆ 43 ವರ್ಷ. ಮನೇಲೇ ಬ್ಲೌಸ್ ಹೊಲೀತೀನಿ, ಫಾಲ್ಸು ಪಿಕೋ ಎಲ್ಲ ಮಾಡ್ತೀನಿ. ಎರಡು ತಿಂಗಳಿಂದ ಸೂಜಿಗೆ ದಾರ ಪೋಣಿಸೋಕೇ ಆಗ್ತಿರ್ಲಿಲ್ಲ, ಒಂದಿನ ಚೆನ್ನಾಗಿ ಕಾಣೋದು ಇನ್ನೊಂದಿನ ಮಬ್ಬು ಮಬ್ಬು, ಸರಿ ಚಾಳೀಸು ಬಂತು ಅಂದ್ಕೊಂಡು ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿ ಕಣ್ಣು ಚೆಕ್ ಮಾಡೋ ಹುಡುಗ, ಮೇಡಂ ಹೋದ ವಾರ ಬಂದಾಗ ಒಂದು ನಂಬರ್ ಇತ್ತು ಇವತ್ತು ಬೇರೆ ಬರ್ತಿದೆ, ಕನ್ನಡಕ ಆಮೇಲೆ ಮಾಡ್ಸಿ, ಮೊದ್ಲು ಶುಗರ್ ಟೆಸ್ಟ್ ಮಾಡ್ಸಿ ಅಂದ. ಆ ಹುಡುಗನಿಗೆ ಪುಣ್ಯ ಬರ್ಲಿ. ಖಾಲಿ ಹೊಟ್ಟೆದು 168, ತಿಂದು ಎರಡು ಗಂಟೆಗೆ 262, ಮೂರು ತಿಂಗಳ ಸರಾಸರಿ ಅಂತಾರಲ್ಲ ಎಚ್‌ಬಿಎ1ಸಿ, ಅದು 8.4.

ಡಾಕ್ಟರ್ ಟೈಪ್ 2 ಅಂದ್ರು, ಮೆಟ್‌ಫಾರ್ಮಿನ್ 500 ಬೆಳಿಗ್ಗೆ ರಾತ್ರಿ ಬರೆದ್ರು, ಅನ್ನ ಕಮ್ಮಿ ಮಾಡಿ ವಾಕಿಂಗ್ ಮಾಡಿ ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು. ಹೊರಗಡೆ ಕ್ಯೂ ಇತ್ತು, ನಾನೂ ಏನೂ ಕೇಳ್ಲಿಲ್ಲ, ಚೀಟಿ ಹಿಡ್ಕೊಂಡು ಆಟೋ ಹತ್ತಿ ಬಂದ್ಬಿಟ್ಟೆ. ಮನೆಗೆ ಬಂದ್ಮೇಲೆ ಅಳು ಬಂತು. ನಮ್ಮಪ್ಪಂಗೆ ಶುಗರ್ ಇತ್ತು, ಮೊದ್ಲು ಕಾಲಿನ ಹೆಬ್ಬೆರಳು ತೆಗೆದ್ರು ಆಮೇಲೆ ಪಾದ ತೆಗೆದ್ರು, ಡ್ರೆಸ್ಸಿಂಗ್ ಮಾಡಿಸೋಕೆ ನಾನೇ ಕರ್ಕೊಂಡು ಹೋಗ್ತಿದ್ದೆ, ಅದೇ ಕಣ್ಮುಂದೆ ಬರುತ್ತೆ. ನಂಗೂ ಎರಡನೇ ಹೆರಿಗೆ ಟೈಮಲ್ಲಿ ಶುಗರ್ ಬಂದಿತ್ತು, 12 ವರ್ಷ ಆಯ್ತು, ಹೆರಿಗೆ ಆದ್ಮೇಲೆ ಹೋಗುತ್ತೆ ಅಂದಿದ್ರು, ಹೋಯ್ತು ಅಂದ್ಕೊಂಡೆ, ಆಮೇಲೆ ಒಂದ್ಸಲಾನೂ ಟೆಸ್ಟ್ ಮಾಡಿಸಿಲ್ಲ.

ಈಗ ಸಮಸ್ಯೆ ಏನಂದ್ರೆ ಮನೇಲಿ ಐದು ಜನ, ಅತ್ತೆ, ಯಜಮಾನ್ರು, ಇಬ್ರು ಮಕ್ಕಳು, ನಾನು. ಎರಡೆರಡು ಅಡುಗೆ ನನ್ನ ಕೈಲಾಗಲ್ಲ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ಇಲ್ಲ ಉಪ್ಪಿಟ್ಟು, ಭಾನುವಾರ ದೋಸೆ, ಮಧ್ಯಾಹ್ನ ರೊಟ್ಟಿ ಪಲ್ಯ ಆಮೇಲೆ ಅನ್ನ ಸಾರು, ಸಂಜೆ ಟೀ ಜೊತೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ. ಯಜಮಾನ್ರು ಬಟ್ಟೆ ಅಂಗಡೀಲಿ ಲೆಕ್ಕ ಬರೀತಾರೆ, ಬರೋದೇ ಒಂಬತ್ತೂಮುಕ್ಕಾಲು, ಅವ್ರು ಉಂಡ ಮೇಲೆ ನಾನು ಉಣ್ಣೋದು, ಹತ್ತೂವರೆ ಆಗುತ್ತೆ. ಮಕ್ಕಳು ಬಿಟ್ಟಿದ್ದು, ಪಾತ್ರೆಲಿ ಉಳಿದಿದ್ದು, ಚೆಲ್ಲಬಾರ್ದು ಅಂತ ಅದೂ ನನ್ನ ತಟ್ಟೆಗೇ. ಟೀ ದಿನಕ್ಕೆ ಐದು ಲೋಟ, ಎರಡೆರಡು ಚಮಚ ಸಕ್ಕರೆ. ಪಕ್ಕದ ಮನೆಯವ್ರು ಬೆಲ್ಲ ಹಾಕ್ಕೊ ಏನೂ ಆಗಲ್ಲ ಅಂದ್ರು, ಈಗ ಬೆಲ್ಲದ ಟೀ ಕುಡೀತಿದೀನಿ. ಓಟ್ಸ್ ತಂದೆ, ಎರಡು ದಿನ ತಿಂದೆ, ಗಂಟಲಲ್ಲಿ ಇಳೀಲಿಲ್ಲ.

ಮಂಡಕ್ಕಿ ಹಗುರ ಅಲ್ವಾ, ತಿನ್ಬಹುದಾ? ಮಾತ್ರೆ ಶುರು ಮಾಡಿದ್ರೆ ಸಾಯೋತನಕ ಬಿಡೋಕಾಗಲ್ವಾ? ಶ್ರಾವಣ ಬರ್ತಿದೆ, ಸೋಮವಾರ ಒಪ್ಪೊತ್ತು ಇರ್ತೀನಿ, ಈ ಸಲ ಬಿಡ್ಬೇಕಾ? ಮನೇಲಿ ಚೆಕ್ ಮಾಡೋ ಮಷೀನ್ ತಗೊಳ್ಳೋದು ಒಳ್ಳೇದಾ ಅಥವಾ ಸುಮ್ನೆ ಟೆನ್ಷನ್ನಾ? ತೂಕ 71, ಎತ್ತರ 5 ಅಡಿ 1 ಇಂಚು. ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ, ಮಾತ್ರೆ ಹೊಲಿಗೆ ಮಷೀನಿನ ಡ್ರಾದಲ್ಲಿ ಇಟ್ಕೊಂಡಿದೀನಿ.

ಗದ್ದೆಬಯಲು_ಮಂಡ್ಯ:

ತಂಗ್ಯಮ್ಮ ಹೆದರ್ಕಬೇಡಿ. ನನಗೆ 51, ಶುಗರ್ ಬಂದು ಆರು ವರ್ಷ ಆಯ್ತು. ಮೊದ್ಲು ಮನೇಲಿ ಹೇಳಿ, ಡ್ರಾದಲ್ಲಿ ಮಾತ್ರೆ ಬಚ್ಚಿಟ್ಕಂಡು ಈ ಕಾಯ್ಲೆ ನೋಡ್ಕಳಕ್ಕೆ ಆಗಕಿಲ್ಲ, ನಾನೂ ನಾಕು ತಿಂಗ್ಳು ಹೇಳ್ದೆ ಇದ್ದು ನೋಡಿದ್ದೀನಿ.

ಮಷೀನ್ ತಗಳಿ ಅಂತ ನಾನು ಹೇಳ್ತೀನಿ. ಯಾಕೆ ಅಂದ್ರೆ ನನ್ನ ಕಣ್ಣು ತೆರೆಸಿದ್ದೇ ಅದು. ನಾವು ಮುದ್ದೆ ಉಣ್ಣೋ ಜನ, ಶುಗರ್ ಬಂದಾಗ ಎಲ್ರೂ ಹೇಳಿದ್ರು ಅನ್ನ ಬಿಡು ಮುದ್ದೆ ಉಣ್ಣು ರಾಗಿಗೆ ಶುಗರ್ ಬರಲ್ಲ ಅಂತ. ಸರಿ ಅನ್ನ ಪೂರ್ತಿ ಬಿಟ್ಟೆ, ಮಧ್ಯಾಹ್ನ ಎರಡು ದಪ್ಪ ಮುದ್ದೆ ರಾತ್ರಿ ಎರಡು. ಮೂರು ತಿಂಗ್ಳು ಬಿಟ್ಟು ಹೋದ್ರೆ ರಿಪೋರ್ಟು ಅಲ್ಲೇ ನಿಂತೈತೆ. ಆಗ ಮಗಳು ಮಷೀನ್ ತಂದ್ಕೊಟ್ಳು. ಎರಡು ಮುದ್ದೆ ಉಂಡು ಎರಡು ಗಂಟೆಗೆ ನೋಡಿದ್ರೆ 241. ನನಗೆ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ರಾಗಿ ಒಳ್ಳೇದೇ, ಸುಣ್ಣದ ಅಂಶ ನಾರು ಎಲ್ಲ ಐತೆ, ಆದ್ರೆ ತೂಕಕ್ಕೆ ತೂಕ ನೋಡಿದ್ರೆ ಪಿಷ್ಟ ಅಕ್ಕಿಗಿಂತ ಅಂಥಾ ಕಮ್ಮಿಯೇನಿಲ್ಲ, ಅದೂ ನುಣ್ಣಗೆ ಹಿಟ್ಟು ಮಾಡಿಸಿ ಚೆನ್ನಾಗಿ ಬೇಯಿಸಿ ಅಗಿಯದೆ ನುಂಗ್ತೀವಲ್ಲ, ಬೇಗ ಅರಗಿ ರಕ್ತಕ್ಕೆ ಸೇರ್ಕತದೆ. ನಿಮ್ಮ ಜೋಳದ ರೊಟ್ಟಿನೂ ಹಂಗೇ ಕಣಮ್ಮ, ಒಳ್ಳೇದು, ಆದ್ರೆ ಎಷ್ಟು ಅನ್ನೋದು ಮುಖ್ಯ. ಮಂಡಕ್ಕಿ ಹಗುರ ಅಂತೀರಲ್ಲ, ಅದು ಕೈಗೆ ಹಗುರ ಅಷ್ಟೇ. ಅಕ್ಕಿನೇ ಉಬ್ಬಿಸಿರೋದು, ಬಾಯಲ್ಲಿ ಇಟ್ರೆ ಕರಗೋಯ್ತದೆ, ಅನ್ನಕ್ಕಿಂತ ಬೇಗ ಶುಗರ್ ಏರಿಸ್ತದೆ. ನಿಮ್ಮೂರ ಮಂಡಕ್ಕಿ ಬಗ್ಗೆ ಹಿಂಗೆ ಹೇಳ್ತೀನಿ ಅಂತ ಬೇಜಾರು ಮಾಡ್ಕಬೇಡಿ.

ಈಗ ನಾನು ಮಾಡೋದು ಇಷ್ಟೇ. ಬಸ್ಸಾರು ಮಾಡ್ದಾಗ ಸೊಪ್ಪು ಕಾಳು ಬಸಿದು ಪಲ್ಯ ಮಾಡ್ತಾರಲ್ಲ, ಆ ಪಲ್ಯ ಒಂದು ಬಟ್ಟಲು ಮೊದ್ಲು ತಿಂತೀನಿ, ಬರೀ ಪಲ್ಯ, ಜೊತೆಗೆ ಏನೂ ಇಲ್ಲ. ಆಮೇಲೆ ಒಂದೇ ಮುದ್ದೆ, ಮೊದಲಿಗಿಂತ ಸಣ್ಣದು. ಅದೇ ಅಡುಗೆ, ಅದೇ ಒಲೆ, ಮನೆಯವ್ರಿಗೆ ಎಕ್ಸ್ಟ್ರಾ ಕೆಲ್ಸ ಇಲ್ಲ. ಎರಡು ಗಂಟೆಗೆ ನೋಡಿದ್ರೆ 160, 170 ಒಳಗೇ ಇರ್ತದೆ. ನಿಮ್ಮಲ್ಲೂ ಹೆಸರುಕಾಳು ಮಡಿಕೆಕಾಳು ಉಸಳಿ ಮಾಡ್ತೀರಲ್ಲ, ಮೊದ್ಲು ಅದನ್ನ ತಿನ್ನಿ, ಕಡೇಲಿ ರೊಟ್ಟಿ.

ಚೆಕ್ ಮಾಡೋವಾಗ ಕೈ ಸೋಪ್ ಹಾಕಿ ತೊಳ್ದು ಒರೆಸ್ಕಳಿ, ಹಣ್ಣು ಹೆಚ್ಚಿದ ಕೈಲಿ ಮಾಡಿದ್ರೆ ಸುಳ್ಳು ರೀಡಿಂಗ್ ಬತ್ತದೆ. ಬೆರಳ ತುದಿ ಮಧ್ಯಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೀವು ಸೂಜಿ ಹಿಡಿಯೋರು, ನಾಳೆ ಕೆಲ್ಸ ಮಾಡ್ಬೇಕಲ್ಲ. ಸ್ಟ್ರಿಪ್ ದುಡ್ಡು ಆಯ್ತದೆ ನಿಜ, ದಿನಾ ಬೇಡ, ವಾರಕ್ಕೆ ಎರಡು ಮೂರು, ಉಣ್ಣೋಕೆ ಮುಂಚೆ ಒಂದು, ಮೊದಲ ತುತ್ತಿಂದ ಎರಡು ಗಂಟೆಗೆ ಒಂದು. ಯಾವ ಊಟ ಏನು ಮಾಡ್ತು ಅಂತ ಪುಸ್ತಕದಲ್ಲಿ ಬರ್ಕಳಿ. ಒಂದು ತಿಂಗ್ಳಲ್ಲಿ ನಿಮ್ಮ ಮೈ ನಿಮಗೆ ಅರ್ಥ ಆಯ್ತದೆ.

ಸಿಸ್ಟರ್_ಎನ್‌ಸಿಡಿ:

ನಾನು ತಾಲೂಕು ಆಸ್ಪತ್ರೇಲಿ ಬಿಪಿ ಶುಗರ್ ಕ್ಲಿನಿಕ್‌ನಲ್ಲಿ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಹಾಗಾಗಿ ಮಾತ್ರೆ ಹೆಚ್ಚು ಕಮ್ಮಿ ಮಾಡೋ ವಿಷಯ ನಿಮ್ಮ ಡಾಕ್ಟರ್ ಹತ್ರಾನೇ ಕೇಳಿ, ಉಳಿದಿದ್ದು ನಾನು ದಿನಾ ಹೇಳೋದನ್ನೇ ಇಲ್ಲಿ ಬರೀತೀನಿ.

ಮೊದಲು ಆ 12 ವರ್ಷದ ಮಾತು, ಯಾಕಂದ್ರೆ ಅದು ಓದಿ ನಂಗೆ ತುಂಬಾ ಸಂಕಟ ಆಯ್ತು. ಗರ್ಭಿಣಿ ಇದ್ದಾಗ ಶುಗರ್ ಬಂದವ್ರಿಗೆ ಮುಂದೆ ಟೈಪ್ 2 ಬರೋ ಸಾಧ್ಯತೆ ಬೇರೆಯವ್ರಿಗಿಂತ ಹಲವು ಪಟ್ಟು ಜಾಸ್ತಿ. ಹೆರಿಗೆ ಆಗಿ 6ರಿಂದ 12 ವಾರದೊಳಗೆ ಒಂದು ಟೆಸ್ಟ್, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸ್ಬೇಕು. ಇದನ್ನ ಯಾರೂ ಬಾಣಂತಿಗೆ ಹೇಳಲ್ಲ, ಎಲ್ರ ಗಮನ ಮಗು ಮೇಲೆ ಹೋಗ್ಬಿಡುತ್ತೆ. ಇದು ನಿಮ್ಮ ತಪ್ಪಲ್ಲ ಅಕ್ಕ. ಇಲ್ಲಿ ಓದ್ತಿರೋ ಹೆಣ್ಮಕ್ಕಳಲ್ಲಿ ಯಾರಿಗಾದ್ರೂ ಬಸುರಿ ಇದ್ದಾಗ ಶುಗರ್ ಬಂದಿದ್ರೆ ದಯವಿಟ್ಟು ಈ ವಾರಾನೇ ಟೆಸ್ಟ್ ಮಾಡ್ಸಿ. 2023ರಲ್ಲಿ ಬಂದ ಐಸಿಎಂಆರ್ ಸರ್ವೆ ಪ್ರಕಾರ ದೇಶದಲ್ಲಿ ಶುಗರ್ ಇರೋರು ಸುಮಾರು 10.1 ಕೋಟಿ, ಇನ್ನೂ 13.6 ಕೋಟಿ ಜನ ಶುಗರ್ ಬರೋ ಅಂಚಿನಲ್ಲಿದಾರೆ.

ಕಣ್ಣು ಮಬ್ಬಾಗಿದ್ದು ಯಾಕಂದ್ರೆ ಶುಗರ್ ಏರಿಳಿತ ಆದಾಗ ಕಣ್ಣೊಳಗಿನ ಮಸೂರಕ್ಕೆ ನೀರು ಸೇರಿ ಅದರ ಆಕಾರ ಬದಲಾಗುತ್ತೆ, ಅದಕ್ಕೇ ನಂಬರ್ ಬೇರೆ ಬೇರೆ ಬರೋದು. ಶುಗರ್ ಒಂದು ಹದಕ್ಕೆ ಬಂದ ಮೇಲೆ ಕನ್ನಡಕ ಮಾಡ್ಸಿ, ಆ ಹುಡುಗ ಸರಿಯಾಗೇ ಹೇಳಿದಾನೆ. ಆದ್ರೆ ಕನ್ನಡಕದ ಟೆಸ್ಟ್ ಬೇರೆ, ಕಣ್ಣಿನ ಹಿಂದಿನ ಪರದೆಯ ಟೆಸ್ಟ್ ಬೇರೆ. ಟೈಪ್ 2 ಗೊತ್ತಾದ ತಕ್ಷಣ ಕಣ್ಣಿಗೆ ಡ್ರಾಪ್ಸ್ ಹಾಕಿ ರೆಟಿನಾ, ಅಂದ್ರೆ ಆ ಪರದೆ, ನೋಡಿಸ್ಬೇಕು, ಯಾಕಂದ್ರೆ ಗೊತ್ತಾಗೋ ಮುಂಚೆನೇ ಎಷ್ಟೋ ವರ್ಷದಿಂದ ಶುಗರ್ ಇರಬಹುದು. ಹಾಗೇ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ ಅನ್ನೋ ಟೆಸ್ಟ್, ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್, ಕೊಲೆಸ್ಟರಾಲ್, ಬಿಪಿ, ಪಾದದ ಸ್ಪರ್ಶ ಜ್ಞಾನ. ಹತ್ರದ ಸರ್ಕಾರಿ ಆಸ್ಪತ್ರೇಲಿ ಕೇಳಿ ನೋಡಿ, ಮೆಟ್‌ಫಾರ್ಮಿನ್ ಫ್ರೀ ಸಿಗುತ್ತೆ.

ಮಾತ್ರೆ ಬಗ್ಗೆ. ಮೆಟ್‌ಫಾರ್ಮಿನ್ ಹಳೇ ಮಾತ್ರೆ, ಚೆನ್ನಾಗಿ ಗೊತ್ತಿರೋ ಮಾತ್ರೆ. ಶುರುವಿನಲ್ಲಿ ಹೊಟ್ಟೆ ಗುಡುಗುಡು, ಭೇದಿ, ವಾಕರಿಕೆ ಆಗಬಹುದು, ಊಟದ ಮಧ್ಯ ಅಥವಾ ಊಟ ಆದ ತಕ್ಷಣ ನುಂಗಿ, ಒಂದೆರಡು ವಾರದಲ್ಲಿ ಸುಮಾರು ಜನಕ್ಕೆ ಸರಿಹೋಗುತ್ತೆ, ಹೋಗದಿದ್ರೆ ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆ ಇದೆ, ಡಾಕ್ಟರ್‌ಗೆ ಹೇಳಿ, ಆದ್ರೆ ನೀವೇ ನಿಲ್ಲಿಸ್ಬೇಡಿ. ವರ್ಷಗಟ್ಟಲೆ ತಗೊಂಡ್ರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ಆಗಾಗ ನೋಡಿಸಿ. ಸಾಯೋತನಕಾನಾ ಅಂದ್ರೆ, ಎಲ್ರಿಗೂ ಹಾಗಲ್ಲ. ಬ್ರಿಟನ್‌ನಲ್ಲಿ ಡೈರೆಕ್ಟ್ ಅಂತ ಒಂದು ಅಧ್ಯಯನ ಆಯ್ತು, 2017ರಲ್ಲಿ ಪ್ರಕಟ ಆಯ್ತು. ಶುಗರ್ ಬಂದು ಆರು ವರ್ಷದೊಳಗಿನವ್ರಿಗೆ ಮೇಲ್ವಿಚಾರಣೆಯಲ್ಲಿ ತೂಕ ಇಳಿಸಿದಾಗ ಒಂದು ವರ್ಷಕ್ಕೆ 46% ಜನ ಮಾತ್ರೆ ಇಲ್ದೇ ಶುಗರ್ ಮಟ್ಟದಿಂದ ಕೆಳಗೆ ಬಂದ್ರು, 15 ಕೆಜಿ ಮತ್ತು ಹೆಚ್ಚು ಇಳಿಸಿದವ್ರಲ್ಲಿ 86%. ಎರಡು ವರ್ಷಕ್ಕೆ ಆ 46% ಅನ್ನೋದು 36%ಗೆ ಬಂತು, ಅಂದ್ರೆ ಇಳಿದ ತೂಕ ಉಳಿಸ್ಕೊಳ್ಳೋದೇ ಕಷ್ಟ. ಅವ್ರು ಕೊಟ್ಟಿದ್ದು ತೀರಾ ಕಮ್ಮಿ ಕ್ಯಾಲೊರಿ ಸೂಪು ಶೇಕು, ಅದನ್ನ ಮನೇಲಿ ನೀವಾಗೇ ಮಾಡೋದು ಬೇಡ. ನಿಮಗೆ ಈಗ ಐದಾರು ಕೆಜಿ ಇಳಿದ್ರೂ ರಿಪೋರ್ಟಲ್ಲಿ ಕಾಣುತ್ತೆ.

ನಿಮ್ಮ ಹತ್ರ ಟೇಪ್ ಇದೆಯಲ್ಲ, ದಿನಾ ಬೇರೆಯವ್ರ ಸೊಂಟ ಅಳೀತೀರಿ, ಇವತ್ತು ನಿಮ್ಮದು ಅಳ್ಕೊಳ್ಳಿ. ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆ ಮಧ್ಯ, ಉಸಿರು ಬಿಟ್ಟಾಗ. ನಮ್ಮ ಜನಕ್ಕೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದಕ್ಕಿಂತ ಜಾಸ್ತಿ ಇದ್ರೆ ಹೊಟ್ಟೆ ಒಳಗಿನ ಕೊಬ್ಬು ಜಾಸ್ತಿ ಅಂತ ಅರ್ಥ. ಯಜಮಾನ್ರದ್ದೂ ಅಳೀರಿ. ಹಾಗೇ ಮನೆಯವ್ರೆಲ್ರಿಗೂ ಟೆಸ್ಟ್ ಮಾಡಿಸಿ.

ಬೆಲ್ಲ ಬಿಡಿ. ಬಣ್ಣ ಬೇರೆ, ಒಳಗಿರೋದು ಬಹುಪಾಲು ಸಕ್ಕರೆನೇ. ಐದು ಲೋಟ ಟೀಗೆ ಹತ್ತು ಚಮಚ, ಅಂದ್ರೆ ದಿನಕ್ಕೆ 40-50 ಗ್ರಾಂ ಬರೀ ಟೀಯಿಂದ. ಐದನ್ನ ಎರಡು ಮಾಡಿ, ಚಮಚನ ವಾರ ವಾರ ಅರ್ಧರ್ಧ ಇಳಿಸಿ, ನಾಲಿಗೆ ಒಗ್ಗುತ್ತೆ.

ಒಪ್ಪೊತ್ತು: ಮೆಟ್‌ಫಾರ್ಮಿನ್ ಒಂದೇ ತಗೊಳ್ತಿದ್ರೆ ಶುಗರ್ ಧಿಡೀರ್ ಇಳಿಯೋದು ಅಪರೂಪ, ಗ್ಲಿಮಿಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದೋರು ಮಾತ್ರ ಡಾಕ್ಟರ್ ಕೇಳದೆ ಉಪವಾಸ ಮಾಡಲೇಬಾರ್ದು. ನೀವೂ ನಿಮ್ಮ ಡಾಕ್ಟರ್ ಹತ್ರ ಒಂದು ಮಾತು ಕೇಳಿಬಿಡಿ. ನಂಗೆ ಉಪವಾಸಕ್ಕಿಂತ ಉಪವಾಸ ಬಿಡೋವಾಗ ತಿನ್ನೋ ಸಬ್ಬಕ್ಕಿ ಖಿಚಡಿ, ಬಾಳೆಹಣ್ಣಿನ ರಸಾಯನದ್ದೇ ಭಯ ಜಾಸ್ತಿ. ಸಬ್ಬಕ್ಕಿ ಅಂದ್ರೆ ಬರೀ ಪಿಷ್ಟ.

ನಾಟಿವೈದ್ಯ_ಪ್ರೇಮಿ:

ಅಕ್ಕ, ಇಂಗ್ಲಿಷ್ ಮಾತ್ರೆ ಶುರು ಮಾಡಿದ್ರೆ ಕಿಡ್ನಿ ಹೋಗುತ್ತೆ ಅಂತ ಎಲ್ರೂ ಹೇಳ್ತಾರೆ. ನಮ್ಮ ಕಡೆ ಒಬ್ರು ಎಲೆ ಪುಡಿ ಕೊಡ್ತಾರೆ, ಅಮೃತಬಳ್ಳಿ, ಇನ್ಸುಲಿನ್ ಗಿಡ, ಹಾಗಲಬೀಜ ಎಲ್ಲ ಸೇರ್ಸಿ, 48 ದಿನ ಕಷಾಯ ಕುಡಿದ್ರೆ ಮಾತ್ರೆ ಬಿಡಬಹುದು. ನಮ್ಮ ಮಾವನವ್ರಿಗೆ ಕಮ್ಮಿ ಆಗಿದೆ. ಒಂದ್ಸಲ ಟ್ರೈ ಮಾಡಿ ಅಂತ ಪ್ರೀತಿಯಿಂದ ಹೇಳ್ತಿದೀನಿ.

ಕಡಲತಡಿ_ಉಡುಪಿ:

ಮೇಲಿನವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಗೊತ್ತುಂಟು. ಆದ್ರೆ ನಾನು ಇದನ್ನು ಓದಿ ಸುಮ್ಮನೆ ಹೋಗ್ಲಿಕ್ಕೆ ಆಗುದಿಲ್ಲ. ನನ್ನ ಅಣ್ಣ ಹೀಗೇ ಮಾತ್ರೆ ಬಿಟ್ಟು ಕಷಾಯ ಹಿಡಿದದ್ದು. ಮೊದಲಿಗೆ ಎಲ್ಲ ಸರಿ ಉಂಟು ಅಂತ ಕಾಣ್ತಿತ್ತು, ಅವನು ಚೆಕ್ ಮಾಡಿಸುವುದನ್ನೂ ಬಿಟ್ಟ, ಯಾಕೆಂದ್ರೆ ಶುಗರ್ ಏರಿದ್ರೆ ನೋವು ಎಂತ ಆಗುದಿಲ್ಲ ಅಲ್ವಾ. ಏಳು ತಿಂಗಳು ಕಳೆದು ಚಪ್ಪಲಿ ಕಚ್ಚಿದ ಗಾಯ ಒಣಗಲೇ ಇಲ್ಲ, ಆಸ್ಪತ್ರೆಗೆ ಹೋದಾಗ ಶುಗರ್ 400ರ ಮೇಲೆ, ಕಾಲು ಉಳಿಸ್ಲಿಕ್ಕೆ ಒಂದೂವರೆ ತಿಂಗಳು ಮಲಗಿದ. ಅಮೃತಬಳ್ಳಿಯಿಂದ ಲಿವರ್‌ಗೆ ತೊಂದರೆ ಆದದ್ದನ್ನು ಡಾಕ್ಟರ್‌ಗಳು ದಾಖಲು ಮಾಡಿದ್ದಾರೆ, ಗಿಡ ಅಂದ ಕೂಡ್ಲೇ ಅಪಾಯ ಇಲ್ಲ ಅಂತ ಅಲ್ಲ. ಕಿಡ್ನಿ ಹಾಳಾಗುವುದು ವರ್ಷಗಟ್ಟಲೆ ಶುಗರ್ ಏರಿ ಕೂತದ್ದರಿಂದ. ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ಮೆಂತೆ ನೆನೆಸಿ ತಿನ್ನಿ, ಯಾರು ಬೇಡ ಹೇಳಿದ್ದು. ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ.

ಈಗ ಅಕ್ಕನ ವಿಷಯ. ಎಲ್ಲರೂ ಏನು ತಿನ್ನಬೇಕು ಅಂತ ಹೇಳಿದ್ರು, ನಾನು ಯಾವಾಗ ತಿನ್ನಬೇಕು ಅಂತ ಹೇಳ್ತೇನೆ. ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಆ ಹತ್ತೂವರೆಯ ಊಟ. ಎಲ್ಲರಿಗೂ ಬಡಿಸಿ, ಕಡೆಗೆ ಕೂತು, ಪಲ್ಯ ಖಾಲಿ ಆಗಿ ಅನ್ನ ಉಳಿದಿರ್ತದೆ, ಆ ಅನ್ನಕ್ಕೆ ಸಾರು ಸುರಿದು ಉಣ್ಣುವುದು, ಹನ್ನೊಂದಕ್ಕೆ ಮಲಗುವುದು. ನನ್ನದೂ ಅದೇ ಕಥೆ ಮಾರಾಯ್ರೆ. ನಮ್ಮಲ್ಲಿ ಕುಸುಬಲಕ್ಕಿ ಶುಗರ್‌ಗೆ ಒಳ್ಳೆದು ಅಂತ ಒಂದು ನಂಬಿಕೆ, ಬೆಳ್ತಿಗೆಗಿಂತ ಸ್ವಲ್ಪ ಒಳ್ಳೆಯದೇ, ಆದ್ರೆ ರಾತ್ರಿ ಹತ್ತಕ್ಕೆ ದೊಡ್ಡ ಬಟ್ಟಲು ಗಂಜಿ ಕುಡಿದ್ರೆ ಯಾವ ಅಕ್ಕಿ ಆದ್ರೂ ಒಂದೇ. ನಾನು ಮಾಡಿದ ದೊಡ್ಡ ಬದಲಾವಣೆ ಇದೊಂದೇ: ಮಕ್ಕಳ ಜೊತೆ ಏಳೂವರೆಗೆ ಊಟ. ಪಲ್ಯ ಮೊದಲು ನನ್ನ ತಟ್ಟೆಗೆ ಹಾಕಿಕೊಳ್ತೇನೆ, ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಮೀನೋ ಮೊಟ್ಟೆಯೋ ಕಾಳೋ, ಕಾಲು ಭಾಗ ಅನ್ನ. ಗಂಡ ಬಂದಾಗ ಜೊತೆಗೆ ಕೂತು ಮಾತಾಡ್ತೇನೆ, ಉಣ್ಣುವುದಿಲ್ಲ. ಮೊದಲ ವಾರ ಏನೋ ತಪ್ಪು ಮಾಡಿದ ಹಾಗೆ ಆಗ್ತಿತ್ತು. ಉಳಿದ ಅನ್ನ ಚೆಲ್ಲಲಿಕ್ಕೆ ಮನಸ್ಸು ಬಾರದಿದ್ರೆ ಕಮ್ಮಿ ಬೇಯಿಸಿ ಅಕ್ಕ, ನಿಮ್ಮ ಹೊಟ್ಟೆ ಫ್ರಿಡ್ಜ್ ಅಲ್ಲ.

ಪಿಇ_ಮಾಸ್ತರ_ಧಾರವಾಡ:

ನೋಡವಾ ತಂಗಿ, ನಾ 31 ವರ್ಷ ಹೈಸ್ಕೂಲ್‌ದಾಗ ಪಿಇ ಮಾಸ್ತರ ಇದ್ದೆ, ಈಗ ವಯಸ್ಸು 68, ಶುಗರ್ ಬಂದು 14 ವರ್ಷ ಆತು. ಊಟದ ಬಗ್ಗೆ ಎಲ್ಲಾರೂ ಹೇಳ್ಯಾರ, ನಾ ಒಂದ ಮಾತು ಸೇರಿಸ್ತೀನಿ, ನಮ್ಮ ಹಿರೇರ ತಾಟಿನಾಗ ರೊಟ್ಟಿ ಜೋಡಿ ಹಸಿ ಮೆಂತ್ಯೆ ಸೊಪ್ಪು, ಹಕ್ಕರಿಕಿ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ, ಸೌತಿಕಾಯಿ ಇರತಿದ್ದವು, ಪಚಡಿ ಇರತಿತ್ತು. ಈಗ ರೊಟ್ಟಿ ಅಷ್ಟ ಉಳದೈತಿ, ತಪ್ಪಲ ಹೋಗೇತಿ. ಅದನ್ನ ವಾಪಸ್ ತರ್ರಿ, ಓಟ್ಸ್ ಬ್ಯಾಡ.

ಈಗ ವ್ಯಾಯಾಮ. ವಾಕಿಂಗ್ ಅಂದ್ರ ಎಲ್ಲಾರೂ ಮುಂಜಾನೆ ಐದಕ್ಕ ಏಳಬೇಕು ಅಂತ ತಿಳಕೋತಾರ, ಮನಿ ಕೆಲಸ ಇದ್ದ ಹೆಣಮಕ್ಕಳಿಗೆ ಅದು ಆಗಂಗಿಲ್ಲ, ನಾಕ ದಿವಸ ಮಾಡಿ ಬಿಡತಾರ. ನೀ ಹಂಗ ಮಾಡಬ್ಯಾಡ. ಉಂಡ ಮ್ಯಾಲ 10-15 ನಿಮಿಷ ನಡಿ, ಮೂರೂ ಹೊತ್ತು. ಉಂಡಿದ್ದು ರಕ್ತದಾಗ ಸಕ್ಕರಿ ಆಗಿ ಏರೂ ಹೊತ್ತಿಗೆ ಕಾಲಿನ ಸ್ನಾಯು ಕೆಲಸ ಮಾಡಾಕತ್ತಿದ್ರ ಆ ಸಕ್ಕರೀನ ಅವು ಎಳಕೊಂಡು ಬಳಸತಾವ, ಇನ್ಸುಲಿನ್ ಸರಿ ಕೆಲಸ ಮಾಡಲಿಲ್ಲಂದ್ರೂ ನಡಿಯೂ ಸ್ನಾಯು ಸಕ್ಕರಿ ತಗೋತೈತಿ, ಇದು ಶರೀರದ ವ್ಯವಸ್ಥಾ. ಅಂಗಳ ಇಲ್ಲಂದ್ರ ಮಾಳಗಿ ಮ್ಯಾಲ ನಡಿ, ಓಣ್ಯಾಗ ನಡಿ. ವಾರಕ್ಕ ಕಡಿಮಿ ಅಂದ್ರ 150 ನಿಮಿಷ ಆಗಬೇಕು ಅಂತಾರ, ಹಿಂಗ ನಡದ್ರ ಅದು ತಾನ ದಾಟತೈತಿ.

ಎರಡನೇದು, ನೀ ಮಷೀನ್ ಮುಂದ ತಾಸಗಟ್ಲೆ ಕೂಡ್ತಿ. ಅದೂ ಕೆಟ್ಟದ್ದು. ಒಂದು ತೋಳು ಹೊಲದ ಮ್ಯಾಲ ಏಳು, ಇಸ್ತ್ರಿ ನಿಂತ ಮಾಡು, ಕಟಿಂಗ್ ನಿಂತ ಮಾಡು. ಅರ್ಧ ತಾಸಿಗೊಮ್ಮೆ ಕುರ್ಚಿ ಮ್ಯಾಲಿಂದ ಕೈ ಊರದ ಎದ್ದು ಕೂಡು, ಹತ್ತು ಸಲ. ಮೊದಲ ದಿವಸ ಐದಕ್ಕ ತೊಡಿ ನಡಗತಾವ, ಹೆದರಬ್ಯಾಡ. ಗ್ವಾಡಿಗೆ ಕೈ ಊರಿ ದಂಡ ಹೊಡಿ. ನಲವತ್ತು ದಾಟಿದ ಮ್ಯಾಲ ಸ್ನಾಯು ಕರಗಕೋತ ಹೋಗತಾವ, ಸಕ್ಕರಿ ಇಡೂ ದೊಡ್ಡ ಕಣಜ ಅಂದ್ರ ಸ್ನಾಯುನ, ಕಣಜ ಸಣ್ಣದಾದ್ರ ಸಕ್ಕರಿ ರಕ್ತದಾಗ ನಿಲ್ಲತೈತಿ. ಬರೇ ನಡದ್ರ ಸಾಲಂಗಿಲ್ಲ, ಇದೂ ಬೇಕು.

ಮತ್ತ ಅಪ್ಪನ ಕಾಲಿನ ಮಾತು ಬರದಿ. ಬರಿಗಾಲಿಲೆ ಹೊರಗ ಹೋಗಬ್ಯಾಡ, ಗುಡಿಗೆ ಹೋದ್ರೂ ಬಿಸಲಾಗ ಕಾದ ಕಲ್ಲಿನ ಮ್ಯಾಲ ನಿಲ್ಲಬ್ಯಾಡ. ರಾತ್ರಿ ಮಲಗೂ ಮುಂದ ಎರಡೂ ಪಾದ ತಿರುವಿ ನೋಡು, ಬೆರಳ ಸಂದಿ ನೋಡು. ಎರಡ ನಿಮಿಷದ ಕೆಲಸ. ನಿಮ್ಮಪ್ಪಗ ಯಾರೂ ಇದನ್ನ ಹೇಳಿರಾಕಿಲ್ಲ ಅನಸ್ತೈತಿ.

ಹೊಲಿಗೆಮನೆ_ದಾವಣಗೆರೆ:

ಮೂರೂವರೆ ತಿಂಗಳಾದ್ಮೇಲೆ ಬರೀತಿದೀನಿ, ದೀಪಾವಳಿ ಹೊಲಿಗೆ ರಾಶಿ ಬಿದ್ದಿದೆ, ಆದ್ರೂ ನಿಮಗೆಲ್ಲ ಹೇಳ್ಬೇಕು ಅಂತ ಕೂತೆ.

ಮಾಸ್ತರ್ ಬರೆದಿದ್ದ ಕೊನೇ ಸಾಲು ಓದಿದ ರಾತ್ರಿನೇ ಯಜಮಾನ್ರಿಗೆ ಎಲ್ಲ ಹೇಳ್ಬಿಟ್ಟೆ. ಬೈತಾರೇನೋ ಅಂದ್ಕೊಂಡಿದ್ದೆ, ಸುಮ್ನೆ ಕೂತಿದ್ರು, ಆಮೇಲೆ ಮಾತ್ರೆ ಎಲ್ಲಿ ಅಂತ ಕೇಳಿ ಡ್ರಾದಿಂದ ತಗೊಂಡು ಬಂದು ದೇವರ ಗೂಡಿನ ಪಕ್ಕ ಇಟ್ರು, ಇಲ್ಲಿದ್ರೆ ಎಲ್ರಿಗೂ ನೆನಪಿರುತ್ತೆ ಅಂತ.

ಕಷ್ಟ ಆಗಿದ್ದು ಏಳೂವರೆ ಊಟ. ಗಂಡ ಉಣ್ಣೋ ಮುಂಚೆ ನಾನು ಉಂಡಿದ್ದು ನೋಡಿ ಅತ್ತೆ ಎರಡು ದಿನ ಮಾತಾಡ್ಲಿಲ್ಲ. ಬಾಯಲ್ಲಿ ಏನೂ ಅನ್ಲಿಲ್ಲ, ಆದ್ರೆ ಅವ್ರು ಆ ವಯಸ್ಸಲ್ಲಿ ಹಂಗೆ ಮಾಡೇ ಇಲ್ಲ ಅಲ್ವಾ, ನಂಗೂ ತುತ್ತು ಇಳೀತಿರ್ಲಿಲ್ಲ. ಮೂರನೇ ದಿನ ಯಜಮಾನ್ರು ಎಲ್ರನ್ನೂ ಟೆಸ್ಟ್‌ಗೆ ಕರ್ಕೊಂಡು ಹೋದ್ರು, ಸಿಸ್ಟರ್ ಹೇಳಿದ್ದಕ್ಕೆ. ಅತ್ತೆಗೆ ಎಚ್‌ಬಿಎ1ಸಿ 6.9 ಬಂತು, ಶುಗರ್ ಇದೆ ಅಂದ್ರು. ಯಜಮಾನ್ರಿಗೆ 6.0, ಅಂಚಿನಲ್ಲಿದೆ ಅಂದ್ರು. ಅತ್ತೆ 70 ವರ್ಷಕ್ಕೆ ಮೊದಲ ಸಲ ಗೊತ್ತಾಗಿದ್ದು, ಯಾವಾಗಿಂದ ಇತ್ತೋ ದೇವರಿಗೇ ಗೊತ್ತು. ಆವತ್ತಿಂದ ಅವ್ರೇ ಏಳು ಗಂಟೆಗೆ ಬಾರೇ ಉಣ್ಣೋಣ ಅಂತ ಕರೀತಾರೆ. ಇಬ್ರೂ ಉಂಡು ಕೈ ಹಿಡ್ಕೊಂಡು ಓಣಿ ಕೊನೆ ತನಕ ಹೋಗಿ ಬರ್ತೀವಿ, ಅವ್ರ ನಡಿಗೆ ನಿಧಾನ, ಅವ್ರನ್ನ ಬಿಟ್ಟು ನಾನು ಇನ್ನೊಂದು ಸುತ್ತು ಹೋಗ್ತೀನಿ. ಮದುವೆ ಆಗಿ 19 ವರ್ಷದಲ್ಲಿ ಅವ್ರ ಜೊತೆ ಇಷ್ಟು ಮಾತಾಡಿರ್ಲಿಲ್ಲ.

ಮನೇಲಿ ಅಡುಗೆ ಒಂದೇ. ಕೋಸಂಬರಿ ಇಲ್ಲ ಉಸಳಿ ಮೊದ್ಲು ಎಲ್ರ ತಟ್ಟೆಗೂ. ರೊಟ್ಟಿ ಎರಡರಿಂದ ಒಂದಕ್ಕೆ ಬಂತು, ಅನ್ನ ಒಂದು ಸೌಟು. ಮಂಡಕ್ಕಿ ಪೂರ್ತಿ ಬಿಟ್ಟಿಲ್ಲ ಮಂಡ್ಯದ ಅಣ್ಣ, ಭಾನುವಾರ ಸಂಜೆ ಒಂದು ಹಿಡಿ ಮಂಡಕ್ಕಿಗೆ ಎರಡು ಹಿಡಿ ಶೇಂಗಾ, ಮೊಳಕೆಕಾಳು, ಈರುಳ್ಳಿ ಸೌತೆಕಾಯಿ ಹಾಕ್ತೀನಿ. ನೀವು ಹೇಳಿದ ಹಾಗೆ ಬರೆದಿಡ್ತಿದೀನಿ, ಅಳತೆ ಬುಕ್ಕಿನ ಹಿಂದಿನ ಪುಟಗಳಲ್ಲಿ. ಒಗ್ಗರಣೆ ಮಂಡಕ್ಕಿ ಒಂದು ತಟ್ಟೆ ತಿಂದ ದಿನ 238, ಅದೇ ಮೊಟ್ಟೆ ಪಲ್ಯ ಒಂದು ರೊಟ್ಟಿ ತಿಂದ ದಿನ 151. ನಡುವೆ ಒಂದು ಮದುವೇಲಿ ಹೋಳಿಗೆ ತಿಂದೆ, ಎರಡು, ತುಪ್ಪ ಹಾಕ್ಕೊಂಡು, ಮನೆಗೆ ಬಂದು ಚೆಕ್ ಮಾಡೋಕೆ ಧೈರ್ಯ ಆಗ್ಲಿಲ್ಲ, ಮಾರನೇ ದಿನದಿಂದ ಮತ್ತೆ ಸರಿ ಹೋದೆ.

ತೂಕ 66.8. ಎಚ್‌ಬಿಎ1ಸಿ 7.2. ಮೂತ್ರ, ಕ್ರಿಯಾಟಿನಿನ್ ಎಲ್ಲ ಸರಿ ಇದೆ ಅಂದ್ರು. ಡಾಕ್ಟರ್ ಮಾತ್ರೆ ಹಾಗೇ ಮುಂದುವರಿಸಿ ಅಂದ್ರು, ಈ ಸಲ ಪಟ್ಟಿ ಬರ್ಕೊಂಡು ಹೋಗಿದ್ದೆ, ಎಲ್ಲ ಕೇಳಿದೆ, ಅವ್ರೂ ಸಮಾಧಾನವಾಗಿ ಉತ್ತರ ಕೊಟ್ರು. ಕನ್ನಡಕ ಹೋದ ವಾರ ಮಾಡಿಸ್ದೆ.

ಒಂದೇ ಚಿಂತೆ, ಬೆಳಿಗ್ಗೆ ಖಾಲಿ ಹೊಟ್ಟೆದು ಮಾತ್ರ ಇಳೀತಿಲ್ಲ, 134, 138 ಹಿಂಗೇ ಇದೆ. ರಾತ್ರಿ ಮಲಗೋವಾಗ 120 ಇದ್ದಿದ್ದು ಬೆಳಿಗ್ಗೆ ಏನೂ ತಿನ್ನದೆ ಹೆಂಗೆ ಜಾಸ್ತಿ ಆಗುತ್ತೆ?

ಸಿಸ್ಟರ್_ಎನ್‌ಸಿಡಿ:

ಅಕ್ಕ ಓದಿ ಕಣ್ಣು ತುಂಬಿ ಬಂತು. 8.4ರಿಂದ 7.2 ಅಂದ್ರೆ ತುಂಬಾ ಒಳ್ಳೆ ಇಳಿಕೆ. ಅತ್ತೆಯವ್ರದ್ದು ಗೊತ್ತಾಗಿದ್ದು ಅದಕ್ಕಿಂತ ದೊಡ್ಡದು.

ಬೆಳಿಗ್ಗೆದು ಕೊನೆಗೇ ಇಳಿಯೋದು, ಸುಮಾರು ಜನಕ್ಕೆ ಹಾಗೇ. ನಸುಕಿನಲ್ಲಿ ಎದ್ದೇಳೋಕೆ ಮುಂಚೆ ದೇಹದಲ್ಲಿ ಕೆಲವು ಹಾರ್ಮೋನ್ ಏರುತ್ತೆ, ಆಗ ಲಿವರ್ ತನ್ನ ಹತ್ರ ಇರೋ ಸಕ್ಕರೆನ ರಕ್ತಕ್ಕೆ ಬಿಡುತ್ತೆ, ಎಲ್ರಿಗೂ ಆಗುತ್ತೆ, ಶುಗರ್ ಇಲ್ಲದವ್ರಲ್ಲಿ ಇನ್ಸುಲಿನ್ ಅದನ್ನ ತಡೆಯುತ್ತೆ. ನೀವು ತಿಂದಿದ್ದಲ್ಲ ಅದು. ತೂಕ ಇನ್ನಷ್ಟು ಇಳಿದು ಲಿವರ್ ಸುತ್ತಲಿನ, ಒಳಗಿನ ಕೊಬ್ಬು ಕರಗಿದ ಹಾಗೆ ಅದೂ ಇಳಿಯುತ್ತೆ, ನಿದ್ದೆ ಸರಿಯಾಗಿ ಮಾಡಿ, ಹಬ್ಬದ ಹೊಲಿಗೆ ಅಂತ ರಾತ್ರಿ ಒಂದು ಗಂಟೆ ತನಕ ಕೂತ್ರೆ ಬೆಳಿಗ್ಗೆ ರೀಡಿಂಗ್ ಏರೇ ಏರುತ್ತೆ. ಸಾಮಾನ್ಯವಾಗಿ 130ರ ಒಳಗೆ ಇರ್ಲಿ ಅಂತಾರೆ, ನೀವು ಹತ್ರಾನೇ ಇದೀರಿ. ಮುಂದಿನ ಸಲ ಡಾಕ್ಟರ್‌ಗೆ ಆ ಬುಕ್ಕು ತೋರಿಸಿ.

ಆದ್ರೆ ಒಂದು ವಿಷಯ. ಮೂತ್ರ, ಕ್ರಿಯಾಟಿನಿನ್, ಕನ್ನಡಕ ಎಲ್ಲ ಬರೆದ್ರಿ. ಡ್ರಾಪ್ಸ್ ಹಾಕಿ ರೆಟಿನಾ ನೋಡಿಸಿದ್ರಾ?

ಹೊಲಿಗೆಮನೆ_ದಾವಣಗೆರೆ:

ಇಲ್ಲ ಅಕ್ಕ. ಕನ್ನಡಕ ಬಂತಲ್ಲ, ದಾರ ಸರಾಗ ಪೋಣಿಸ್ತಿದೀನಲ್ಲ ಅಂತ ಅದನ್ನ ಮರೆತೇಬಿಟ್ಟೆ. ಸೋಮವಾರ ಅತ್ತೆನೂ ಕರ್ಕೊಂಡು ಹೋಗ್ತೀನಿ, ಇಬ್ರದ್ದೂ ಮಾಡಿಸ್ಕೊಂಡು ಬರ್ತೀವಿ.

ಸಿಸ್ಟರ್_ಎನ್‌ಸಿಡಿ:

ಡ್ರಾಪ್ಸ್ ಹಾಕಿದ್ರೆ ಕೆಲವು ಗಂಟೆ ಮಬ್ಬಾಗುತ್ತೆ, ಬಿಸಿಲು ಚುಚ್ಚುತ್ತೆ. ಇಬ್ರೇ ಹೋಗ್ಬೇಡಿ, ಯಜಮಾನ್ರನ್ನೋ ದೊಡ್ಡ ಮಗುನೋ ಕರ್ಕೊಂಡು ಹೋಗಿ. ಆವತ್ತು ಹೊಲಿಗೆ ಇಟ್ಕೋಬೇಡಿ.